ನೀರಿಗೆ ಹೊರಟ ಕಾರು

ನಮ್ಮೂರಿನಲ್ಲಿ ಚಕ್ರವಿರುವ ಯಾವುದನ್ನೂ ಕಟ್ಟದೆ ಬಿಡುವಂತಿಲ್ಲ. ಬಿಟ್ಟರೆ ಅದು ಕೆರೆಯ ಕಡೆಗೆ ಹೊರಡುತ್ತದೆ. ನೆಲ ಸಮತಟ್ಟಾಗಿದ್ದರೂ ಹೊರಡುತ್ತದೆ, ಬ್ರೇಕ್ ಎಳೆದಿದ್ದರೂ ಹೊರಡುತ್ತದೆ, ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಆ ಕಲ್ಲನ್ನು ಹತ್ತಿ ಇಳಿದು ಹೊರಡುತ್ತದೆ. ಮನುಷ್ಯರು ಯಾರಾದರೂ ಅದರಲ್ಲಿ ಕೂತಿದ್ದರೆ ಮಾತ್ರ ಅಲುಗುವುದಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ, ಬಿ.ಎಸ್‌ಸಿ. ಓದಿದ ಜಂಬದಲ್ಲಿ, ಇದಕ್ಕೇನು ಕಾರಣ ಎಂದು ನಮ್ಮ ಮಾವನವರನ್ನು ಕೇಳಿದ್ದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಕಾರಣ ನಿಧಾನವಾಗಿ ನೋಡೋಣಮ್ಮ, ಮೊದಲು ನಿನ್ನ ಸೈಕಲ್ ಕಟ್ಟು" ಎಂದಿದ್ದರು. ನಾನು ಅಂಗಳಕ್ಕೆ ಹೋಗುವಷ್ಟರಲ್ಲಿ ಸೈಕಲ್ ಗೇಟು ದಾಟಿತ್ತು.

ಅಂದಿನಿಂದ ಕಟ್ಟುತ್ತಲೇ ಬಂದಿದ್ದೇನೆ. ಇಲ್ಲಿ ಪ್ರತಿ ಅಂಗಡಿಯ ಮುಂದೂ ಒಂದು ಕಲ್ಲಿನ ಗೂಟವಿದೆ. ಮಕ್ಕಳು ಅಕ್ಷರಕ್ಕಿಂತ ಮೊದಲು ಗಂಟು ಕಲಿಯುತ್ತವೆ. ಯಾವುದಾದರೂ ಗಾಡಿ ತಪ್ಪಿಸಿಕೊಂಡರೆ ‘ನೀರಿಗೆ ಹೊರಟಿತು’ ಎನ್ನುತ್ತಾರೆ. ಬೇಸಿಗೆಯಲ್ಲಿ ಕೆರೆ ಇಳಿದಾಗ ಒಂದು ಬಸ್ಸಿನ ನೆತ್ತಿಯೂ ಎರಡು ಮೂರು ಜೀಪುಗಳೂ ಕಾಣುತ್ತವೆ. ಕೊಕ್ಕರೆಗಳು ಅವುಗಳ ಮೇಲೆ ನಿಂತು ಮೀನು ಕಾಯುತ್ತವೆ.

ಗಾಡಿ ಕಟ್ಟದೆ ಹೋದವರನ್ನು ಊರು ಬೈಯುವುದಿಲ್ಲ, ಹೊಡೆಯುವುದಿಲ್ಲ. ಪುರಸಭೆಯವರು ಬಂದು ಅವರ ಮುಂದಿನ ಗಾಡಿಯ ಮೇಲೆ ಒಂದು ಕೆಂಪು ಪಟ್ಟಿ ಬಳಿದು ಹೋಗುತ್ತಾರೆ, ಅಷ್ಟೇ. ಆಮೇಲೆ ಅವರ ಕೈಗೆ ಯಾರೂ ಏನನ್ನೂ ನಂಬಿ ಕೊಡುವುದಿಲ್ಲ.

ನಾನು ಈ ಊರನ್ನು ಪ್ರೀತಿಸುವುದಕ್ಕೆ ಒಂದು ಕಾರಣವಿತ್ತು. ಕಟ್ಟಿದ ಕಾರು ಕೆರೆಯ ಕಡೆಗೆ ಜಗ್ಗುತ್ತಲೇ ಇರುವುದರಿಂದ ಗಂಟು ಕಲ್ಲಿನಂತೆ ಬಿಗಿದುಕೊಳ್ಳುತ್ತದೆ. ವಯಸ್ಸಾದವರ ಬೆರಳಿಗೆ ಅದು ಬಗ್ಗುವುದಿಲ್ಲ. ಆದ್ದರಿಂದ ಇಲ್ಲೊಂದು ರೂಢಿ. ಹೊರಡುವವರು ಡಿಕ್ಕಿಯ ಬಾಗಿಲು ತೆರೆದಿಟ್ಟು ಸುಮ್ಮನೆ ಮುಂದಿನ ಸೀಟಿನಲ್ಲಿ ಹೋಗಿ ಕೂರುತ್ತಾರೆ. ತೆರೆದ ಡಿಕ್ಕಿ ಕಂಡ ಯಾರಾದರೊಬ್ಬರು ಬಂದು, ಗಂಟು ಬಿಚ್ಚಿ, ಹಗ್ಗ ಸುತ್ತಿ ಡಿಕ್ಕಿಯೊಳಗಿಟ್ಟು, ಬಾಗಿಲು ಮುಚ್ಚಿ ಹೋಗುತ್ತಾರೆ. ಆ ‘ಧಪ್’ ಸದ್ದು ಕೇಳಿದರೆ ಹೊರಡಬಹುದು. ಬಿಚ್ಚಿದವರು ಕೂತವರ ಮುಖ ನೋಡುವುದಿಲ್ಲ. ನೋಡಿದರೆ ಉಪಕಾರವಾಯಿತೆಂದು ಹೇಳಿಸಿಕೊಳ್ಳಲು ನಿಂತ ಹಾಗೆ. ಡಿಕ್ಕಿಯೊಳಗೂ ನೋಡುವುದಿಲ್ಲ, ಇನ್ನೊಬ್ಬರ ಸಾಮಾನಿನ ಮೇಲೆ ಕಣ್ಣು ಹಾಯಿಸುವುದು ಮರ್ಯಾದೆಯಲ್ಲ. ನಲವತ್ತೆಂಟು ವರ್ಷಗಳಲ್ಲಿ ನನ್ನ ಗಂಟನ್ನು ಎಷ್ಟು ಕೈಗಳು ಬಿಚ್ಚಿರಬಹುದು, ಯಾರವು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಚೆಂದ ಎಂದುಕೊಂಡಿದ್ದೆ.

ಸಾಸಿವೆ ನಮ್ಮ ನಾಯಿ. ಕಪ್ಪಗೆ, ಗಿಡ್ಡಗೆ, ಹನ್ನೊಂದು ವರ್ಷದವಳು. ಕಳೆದ ತಿಂಗಳು ಅವಳ ಹಿಂಗಾಲಿನ ಮೂಳೆ ಮುರಿದು, ಗಾಯವೂ ಆಗಿ, ಡಾಕ್ಟರು ಕಟ್ಟು ಹಾಕಿ, ಎರಡು ದಿನಕ್ಕೊಮ್ಮೆ ಕರೆತರಲು ಹೇಳಿದ್ದರು. ನಾನು ಕಾರು ಓಡಿಸಿದರೆ ನನ್ನ ನಾದಿನಿ ಪದ್ದಿ ಹಿಂದೆ ಅವಳ ಜೊತೆ ಕೂರುತ್ತಿದ್ದಳು. ಗಾಡಿಯಲ್ಲಿ ಮನುಷ್ಯರಿದ್ದ ಹಾಗೂ ಆಯಿತು, ನಾಯಿಗೆ ಜೊತೆಯೂ ಆಯಿತು. ಆ ದಿನ ಮಾತ್ರ ಪದ್ದಿ ಹಲ್ಲುನೋವೆಂದು ಕೆನ್ನೆಗೆ ಲವಂಗದೆಣ್ಣೆಯ ಹತ್ತಿ ಇಟ್ಟುಕೊಂಡು ಮಲಗಿದ್ದಳು.

"ಡಾಕ್ಟರ ಹತ್ತಿರ ಸರಿ, ಎತ್ತಿಕೊಂಡು ಒಳಗೆ ಹೋಗ್ತೀಯ. ಬರ್ತಾ ಔಷಧಿ ಅಂಗಡಿ ಮುಂದೆ ಏನು ಮಾಡ್ತೀಯ ಅತ್ತಿಗೆ? ಈ ಬಿಸಿಲಲ್ಲಿ ಕಾರಿನ ಬಾಗಿಲೆಲ್ಲ ಮುಚ್ಚಿದ್ರೆ ಅದು ಬೆಂದ ಬದನೆಕಾಯಿ ಆಗುತ್ತೆ."

"ಡಿಕ್ಕಿ ತೆರೆದಿಡ್ತೀನಿ."

"ತೆರೆದಿಟ್ರೆ ಯಾರೋ ಪುಣ್ಯಾತ್ಮರು ಬಂದು ಬಿಚ್ಚಿ ಹೋಗ್ತಾರೆ."

"ಪೂರ್ತಿ ತೆರೆಯಲ್ಲ ಕಣೆ. ಎರಡು ಗೇಣು ಬಿಟ್ಟು ಹಳೆ ಸೀರೆಯ ಹರಿದ ಅಂಚಲ್ಲಿ ಕಟ್ಟಿಬಿಡ್ತೀನಿ. ಹೊರಡುವವರು ಯಾರಾದರೂ ಡಿಕ್ಕಿ ಕಟ್ಟಿರ್ತಾರಾ? ನೋಡಿದವರಿಗೇ ಗೊತ್ತಾಗುತ್ತೆ."

"ನಾಯಿಗೆ ಗಾಳಿ ಬೇಕು, ಕಾರೂ ಇರಬೇಕು. ಬಿ.ಎಸ್‌ಸಿ. ಓದಿದವರ ಬುದ್ಧಿಯೇ ಬುದ್ಧಿ" ಎಂದು ಪದ್ದಿ ನೋವಿನಲ್ಲೂ ನಕ್ಕಳು.

ಡಾಕ್ಟರು ಗಾಯಕ್ಕೆ ಹಾಕುವ ಪುಡಿ ಬರೆದುಕೊಟ್ಟರು. ಪೇಟೆಬೀದಿಯ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಗೂಟಕ್ಕೆ ಎರಡು ಸುತ್ತು ಹಾಕಿ ಕಟ್ಟಿದೆ. ಜಗ್ಗಿ ನೋಡಿದೆ. ನಾಲ್ಕು ಬಾಗಿಲಿಗೂ ಬೀಗ ಹಾಕಿದೆ. ಡಿಕ್ಕಿ ಎರಡು ಗೇಣು ತೆರೆದು, ಹಸಿರು ಸೀರೆಯ ಅಂಚಿನಿಂದ ಬಾಗಿಲನ್ನು ಕೆಳಗಿನ ಕೊಂಡಿಗೆ ಬಿಗಿದೆ. ಸಾಸಿವೆ ಕಪ್ಪು ಕಂಬಳಿಯ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದಳು. "ಇಲ್ಲೇ ಇರು. ಇಳೀಬಾರದು. ಬಂದೆ" ಎಂದೆ. ಅವಳು ಹೇಳಿದ ಮಾತು ಕೇಳುವವಳು.

ಅಂಗಡಿಯಲ್ಲಿ ನನ್ನ ಮುಂದೆ ಮೂವರಿದ್ದರು. ಅವರಲ್ಲೊಬ್ಬ ಗರ್ಭಿಣಿ ನನ್ನ ನೆರೆತ ಕೂದಲು ನೋಡಿ ಸ್ಟೂಲು ಬಿಟ್ಟುಕೊಟ್ಟಳು. ನಾನು ಬೇಡವೆಂದೆ, ಅವಳು ಕೇಳಲಿಲ್ಲ. ಪುಡಿಯ ಡಬ್ಬಿ ಕೈಗೆ ಬಂದಿತ್ತಷ್ಟೇ. ಹೊರಗೆ ಕೂಗು ಎದ್ದಿತು.

"ನೀರಿಗೆ ಹೊರಟ್ತು! ನೀರಿಗೆ ಹೊರಟ್ತು!"

ಯಾರದೋ ಪಾಪ ಎಂದುಕೊಂಡೇ ಹೊರಗೆ ಬಂದೆ. ನನ್ನದಾಗಿತ್ತು.

ಗೂಟ ಖಾಲಿಯಿತ್ತು. ಕಾರು ಆಗಲೇ ಮೂವತ್ತು ಮಾರು ದೂರದಲ್ಲಿ, ಬೀದಿಯ ನಟ್ಟನಡುವೆ, ಮನೆಗೆ ಹೊರಟ ಹಸುವಿನಂತೆ ಆತುರವಿಲ್ಲದೆ ಹೋಗುತ್ತಿತ್ತು. ಅದರ ಮೂತಿ ಕೆರೆಯ ಕಡೆಗೆ. ಬೆನ್ನು ನನ್ನ ಕಡೆಗೆ. ಆ ಎರಡು ಗೇಣಿನ ಸಂದಿಯಲ್ಲಿ ಸಾಸಿವೆಯ ಮುಖ. ಅವಳು ನನ್ನನ್ನು ಕಂಡು ಬಾಲ ಆಡಿಸಿದಳು. ಇಳಿಯಲಿಲ್ಲ. ಇಳಿಯಬಾರದೆಂದು ನಾನೇ ಹೇಳಿದ್ದೆನಲ್ಲ.

‘ಬಾ’ ಎನ್ನಬೇಕಿತ್ತು. ಅಂದರೆ ಅವಳು ಮುರಿದ ಕಾಲಿನಲ್ಲೇ ಹಾರುತ್ತಿದ್ದಳು. ಬಾಯಿ ತೆರೆದೆ, ಸ್ವರ ಬರಲಿಲ್ಲ. ಮತ್ತೆ ತೆರೆದೆ. ಕಾಲು ಮಾತ್ರ ಓಡುತ್ತಿತ್ತು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು. ಜನ ಪಕ್ಕದಲ್ಲಿ ಓಡುತ್ತಿದ್ದರು, ಆದರೆ ಯಾರೂ ಎದುರಿಗೆ ಹೋಗಲಿಲ್ಲ. ನೀರಿಗೆ ಹೊರಟ ಗಾಡಿಗೆ ಅಡ್ಡ ನಿಲ್ಲಬಾರದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನು ನಿಲ್ಲಿಸಲು ಇರುವುದು ಒಂದೇ ದಾರಿ: ಒಳಗೆ ಹೋಗಿ ಕೂರಬೇಕು. ಬಾಗಿಲುಗಳಿಗೆಲ್ಲ ಬೀಗ ಹಾಕಿದವಳು ನಾನು. ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು. ನನಗೂ ಕಾರಿಗೂ ನಡುವಿನ ದೂರ ಬೆಳೆಯುತ್ತಲೇ ಇತ್ತು.

ಪೇಟೆಬೀದಿ ಮುಗಿದು ಕೆರೆಯಂಗಳ ಶುರುವಾಗುವಲ್ಲಿ ನೀರಿನ ವಾಸನೆ ಬರುತ್ತದೆ. ಅಲ್ಲಿಂದ ಗಾಡಿಗಳು ಬಿರುಸಾಗುತ್ತವೆ. ನನ್ನ ಕಾರೂ ಬಿರುಸಾಯಿತು. ಆಗ ದರ್ಜಿ ಜವರಪ್ಪನವರು ಎಲ್ಲರನ್ನೂ ಹಿಂದೆ ಹಾಕಿ ಓಡುತ್ತಿರುವುದು ಕಂಡಿತು. ಅರವತ್ತು ದಾಟಿದ ಸಣಕಲು ಮನುಷ್ಯ. ಔಷಧಿ ಅಂಗಡಿಯಿಂದ ಮೂರನೆಯದು ಅವರ ಅಂಗಡಿ. ಕೊರಳಲ್ಲಿ ಅಳತೆ ಟೇಪು ಹಾರುತ್ತಿತ್ತು, ಕೈಯಲ್ಲಿ ಕತ್ತರಿ ಹಾಗೇ ಇತ್ತು. ಅವರು ಡಿಕ್ಕಿಯನ್ನು ಹಿಡಿದರು, ಎಳೆದರು, ಸೀರೆಯಂಚು ಬಿಡಲಿಲ್ಲ. ಕತ್ತರಿ ಹಾಕಿದರು. ಬಾಗಿಲು ಮೇಲಕ್ಕೆ ಹಾರಿತು. ಅವರು ಹೊಟ್ಟೆಯ ಮೇಲೆ ಬಿದ್ದು ಒಳಗೆ ತೂರಿಕೊಂಡರು. ಒಂದು ಕಾಲು ಹೊರಗೇ ಎಳೆದಾಡುತ್ತ ಹೋಯಿತು. ಅವರು ಆ ಕಾಲನ್ನೂ ಒಳಗೆಳೆದುಕೊಂಡು ಎದ್ದು ಕೂತಾಗ ಕಾರಿನ ಮುಂದಿನ ಎರಡು ಚಕ್ರ ನೀರಿನಲ್ಲಿದ್ದವು.

ಕಾರು ನಿಂತಿತು.

ನಾನು ತಲುಪುವ ಹೊತ್ತಿಗೆ ಹತ್ತು ಹದಿನೈದು ಜನ ಸೇರಿ ಹಿಂದಿನಿಂದ ಹಗ್ಗ ಹಾಕುತ್ತಿದ್ದರು. ಯಾರೋ ನನ್ನ ಚಪ್ಪಲಿಗಳನ್ನು ತಂದು ಪಾದದ ಹತ್ತಿರ ಜೋಡಿಸಿಟ್ಟರು. ಸ್ಟೂಲು ಬಿಟ್ಟುಕೊಟ್ಟ ಆ ಗರ್ಭಿಣಿ ನಾನು ಬೀಳಿಸಿಕೊಂಡಿದ್ದ ಡಬ್ಬಿಯನ್ನು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದಿದ್ದಳು. ಅಷ್ಟು ದೂರ, ಆ ಹೊಟ್ಟೆ ಹೊತ್ತುಕೊಂಡು.

ಸಾಸಿವೆ ಜವರಪ್ಪನವರ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಮೈ ನಡುಗುತ್ತಿತ್ತು, ಕಾಲಿನ ಕಟ್ಟು ಹಾಗೇ ಇತ್ತು. ಜವರಪ್ಪನವರು ಅವಳ ಬೆನ್ನು ಸವರುತ್ತ, "ಏನಿಲ್ಲ ಕಣವ್ವ, ಏನಿಲ್ಲ" ಎನ್ನುತ್ತಿದ್ದರು. ನನ್ನನ್ನು ನೋಡಿ, "ಯಾವ ಪಾಪಿ ಮುಂಡೇಮಗ ಬಿಚ್ಚಿದ್ನೋ ಅಕ್ಕಾವ್ರೇ" ಎಂದರು.

ಆಮೇಲೆ ಅವರು ತಮ್ಮ ಪಕ್ಕಕ್ಕೆ ನೋಡಿದರು. ನಾನೂ ನೋಡಿದೆ. ನನ್ನ ಹಗ್ಗ ಅಲ್ಲಿತ್ತು. ದರ್ಜಿಗಳು ಉಳಿದ ದಾರವನ್ನು ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಎಂಟರ ಆಕಾರದಲ್ಲಿ ಸುತ್ತುತ್ತಾರಲ್ಲ, ಹಾಗೆ ಅಂದವಾಗಿ ಸುತ್ತಿ, ತುದಿಯನ್ನು ನಡುವಿಗೆ ಸಿಕ್ಕಿಸಿ, ಕಂಬಳಿಯ ಅಂಚಿನಲ್ಲಿ ಇಡಲಾಗಿತ್ತು. ನಮ್ಮೂರಿನಲ್ಲಿ ಹಗ್ಗವನ್ನು ಹಾಗೆ ಸುತ್ತುವ ಕೈ ಒಂದೇ.

ಜವರಪ್ಪನವರ ಮುಖದಲ್ಲಿ ಆಗ ಕಂಡದ್ದನ್ನು ಇನ್ನೊಮ್ಮೆ ಯಾರ ಮುಖದಲ್ಲೂ ನೋಡಲಾರೆ. ಕಾರು ಹೊರಟಾಗ ನನಗಾದ ಆಘಾತ ಅದರ ಮುಂದೆ ಸಣ್ಣದು. ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಹಣ್ಣಿನಂಗಡಿಯ ಶಿವನಂಜು ಹಗ್ಗ ಬಿಗಿದು ಬಂದು ಸೊಂಟದ ಮೇಲೆ ಕೈಯಿಟ್ಟ. "ಯಾವನ್ಲಾ ಅವ್ನು ಬಿಚ್ಚಿದ್ದು? ನಾಯಿ ಒಳಗೈತೆ ಅಂತ ಕಣ್ಣು ಕಾಣಾಕಿಲ್ವಾ? ಹೇಳ್ರಿ ಅಕ್ಕಾವ್ರೇ, ಯಾರನ್ನಾರ ಕಂಡ್ರಾ?"

"ಯಾರೂ ಬಿಚ್ಚಿಲ್ಲ ಶಿವನಂಜು. ನಾನು ಕಟ್ಟೇ ಇರಲಿಲ್ಲ."

ಸ್ವರ ಬಂದಿತ್ತು, ಇಷ್ಟು ಹೊತ್ತಿಗೆ. ಸುಳ್ಳು ಇಷ್ಟು ಸಲೀಸಾಗಿ ಹೊರಗೆ ಬಂದದ್ದು ಕಂಡು ನನಗೇ ದಿಗಿಲಾಯಿತು. ಗುಂಪು ತಣ್ಣಗಾಯಿತು. ಹೆಂಗಸೊಬ್ಬಳು ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. "ಅಕ್ಕಾವ್ರೇ, ನೀವಾ?" ಎಂದ ಶಿವನಂಜು. ಅವನ ದನಿಯಲ್ಲಿದ್ದ ಮರುಕ ಬೈಗುಳಕ್ಕಿಂತ ಹೆಚ್ಚು ತಾಗಿತು.

ಮರುದಿನ ಬೆಳಿಗ್ಗೆ ಪುರಸಭೆಯವರು ಬಂದು ಕಾರಿನ ಹಿಂಬದಿಗೆ ಕೆಂಪು ಪಟ್ಟಿ ಬಳಿದರು. ಬಳಿದವನು ನನ್ನ ಹತ್ತಿರ ಮನೆಪಾಠಕ್ಕೆ ಬರುತ್ತಿದ್ದ ಹುಡುಗಿಯ ಗಂಡ; ಪಟ್ಟಿಯನ್ನು ಆದಷ್ಟು ಸಣ್ಣದಾಗಿ ಬಳಿದ. ಪದ್ದಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಕಟ್ಟಲಿಲ್ಲವಂತೆ! ಮೊಮ್ಮಕ್ಕಳ ಆಟದ ರೈಲನ್ನೂ ಮೇಜಿಗೆ ಕಟ್ಟಿ ಮಲಗೋಳು ನೀನು. ಊರಿಗೆ ಬೇಕಾದ್ದು ಹೇಳ್ಕೋ ಅತ್ತಿಗೆ, ನನ್ನ ಹತ್ತಿರ ಬೇಡ."

ಸಾಸಿವೆ ಉಳಿದಳಲ್ಲ, ಸಾಕು ಎನಿಸಿತ್ತು. ಆದರೆ ಹಾಲಿನವನು ಆ ದಿನ ಪಾತ್ರೆಯನ್ನು ನನ್ನ ಕೈಗೆ ಕೊಡದೆ ಪದ್ದಿಯನ್ನು ಕೂಗಿ ಕೊಟ್ಟ. ಕೆಟ್ಟ ಮನಸ್ಸಿನಿಂದಲ್ಲ, ಬಿಸಿ ಇತ್ತು, ಬೀಳಿಸಿಯಾಳು ಮುದುಕಿ ಎಂದು.

ನಾಲ್ಕನೆಯ ದಿನ ಜವರಪ್ಪನವರು ಬಂದರು. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ತುದಿಯಲ್ಲಿ ಕೂತರು. ಮುಖ ಒಣಗಿತ್ತು. ಸಾಸಿವೆ ಕುಂಟುತ್ತ ಹೋಗಿ ಅವರ ಪಾದದ ಮೇಲೆ ಗಲ್ಲವಿಟ್ಟಳು.

"ಯಾಕಂಗಂದ್ರಿ ಅಕ್ಕಾವ್ರೇ?"

"ಪ್ರಾಣ ಉಳಿಸಿದವರು ನೀವು. ಬೇಕಂತ ಬಿಚ್ಚಿದ್ದಲ್ಲವಲ್ಲ."

"ಬೇಕಂತ ಅಲ್ಲ. ನಂಗೆ ಗೊತ್ತೇ ಇಲ್ಲ. ಅದೇ ಈಗ ಎದೆ ಮೇಲೆ ಕೂತಿರೋದು." ಅವರು ಕೈಗಳನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡರು. "ಡಿಕ್ಕಿ ತೆಗ್ದಿತ್ತು, ಬಟ್ಟೇಲಿ ಕಟ್ಟಿತ್ತು. ಏನೋ ದೊಡ್ಡ ಸಾಮಾನು ತುಂಬವ್ರೆ, ಬಾಗ್ಲು ಮುಚ್ಚಾಕಾಗಿಲ್ಲ, ಪಾಪ ಅಂತ ಬಿಚ್ಚಿರ್ಬೇಕು. ನಾಯೀನೂ ನನ್ನ ಗುರುತಿರೋದು, ಬೊಗಳ್ಲಿಲ್ಲ. ಬಿಚ್ಚಿ ಹೋಗಿ ಕಾಜಾ ಹೊಲೀತಾ ಕೂತೆ. ದಿನಕ್ಕೆ ಏಳೆಂಟು ಬಿಚ್ತೀನಿ ಅಕ್ಕಾವ್ರೇ. ಮೂವತ್ತು ವರ್ಷದಿಂದ. ಇದು ಒಂದು ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳ್ದೆ ಇದ್ದವು ಎಷ್ಟು?"

ನಾನು ಇಷ್ಟು ದಿನ ಯೋಚಿಸದೆ ಇದ್ದದ್ದು ಅದನ್ನೇ.

"ಐಸ್‌ಕ್ಯಾಂಡಿ ಬೋರವ್ವನ ಗಾಡಿ ಗ್ಯಾನ ಐತಾ? ನೀರಿಗೆ ಹೋಗಿ ಆರು ವರ್ಷ ಆಯ್ತು. ಕಟ್ಟಿದ್ದೆ ಕಟ್ಟಿದ್ದೆ ಅಂತ ಬಾಯ್ ಬಡ್ಕಂಡ್ಲು. ನಾವೆಲ್ಲಾ ಏನಂದೋ? ವಯಸ್ಸಾಯ್ತು, ಮರ್ತವ್ಳೆ ಅಂದೋ. ನಾನೂ ಅಂದೆ." ಅವರು ತಲೆಯೆತ್ತಿದರು. "ಆವತ್ತು ಅವ್ಳ ಗಾಡಿ ಪೆಟ್ಟಿಗೆ ಮುಚ್ಚಳ ತೆಗ್ದಿತ್ತು. ಡಿಕ್ಕಿ ತೆಗ್ದಂಗೇ ಅಲ್ವಾ, ಹೊರಡ್ತಾವ್ಳೆ ಅಂದ್ಕಂಡೆ. ಗಂಟು ಕೈಗೆ ಬಗ್ಲಿಲ್ಲ, ಹಲ್ಲು ಹಾಕ್ದೆ. ಮುಂದಿನ ಹಲ್ಲು ಅಲ್ಲಾಡೋಯ್ತು, ಅದ್ಕೇ ಗ್ಯಾನ. ಮೊನ್ನೆ ರಾತ್ರಿ ಮಲಗಿರೋವಾಗ ನಾಲ್ಗೆ ಆ ಹಲ್ಲಿಗೆ ತಾಕ್ತು ಅಕ್ಕಾವ್ರೇ. ಎದ್ದು ಕೂತ್ಬುಟ್ಟೆ."

ನಾವು ಆಗಲೇ ಬೋರಮ್ಮನನ್ನು ಹುಡುಕಿ ಹೊರಟೆವು. ಕೆಂಪು ಪಟ್ಟಿಯ ಕಾರನ್ನೇ ತೆಗೆದೆ. ಪದ್ದಿ ಹಿಂದಿನ ಸೀಟಿನಲ್ಲಿ, ಸಾಸಿವೆ ಡಿಕ್ಕಿಯಲ್ಲಿ. ಪೇಟೆಬೀದಿಯ ಅಂಚೆ ಕಚೇರಿಯ ಮುಂದೆ ನಿಲ್ಲಿಸಿ, ಡಿಕ್ಕಿಯನ್ನು ಪೂರ್ತಿ ಮೇಲೆತ್ತಿದೆ. "ನಾನಿಲ್ಲಿ ಕಲ್ಲಿನ ಹಾಗೆ ಕೂತಿರ್ತೀನಿ, ಹೋಗಿ ಬನ್ನಿ" ಎಂದಳು ಪದ್ದಿ. ಇಬ್ಬರು ದಾರಿಹೋಕರು ತೆರೆದ ಡಿಕ್ಕಿ ಕಂಡು ಗಂಟು ಹುಡುಕುತ್ತ ಬಂದೇಬಿಟ್ಟರು. ಅವಳು ಅವರನ್ನು ಗದರಿ ಕಳಿಸಿದಳು.

ಬೋರಮ್ಮ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಗಾಡಿ ಹೋದಮೇಲೆ ಅವಳು ಐಸಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮಾರುತ್ತಾಳೆ. ಚಕ್ರವಿಲ್ಲದ ಆ ಪೆಟ್ಟಿಗೆಗೂ ಪುರಸಭೆಯವರು ಪಟ್ಟಿ ಬಳಿದಿದ್ದಾರೆ. ನನ್ನನ್ನು ಕಂಡು, "ಬನ್ನಿ ಅಕ್ಕಾರೇ, ನಿಮ್ದೂ ಹೋಗೋದ್ರಲ್ಲಿತ್ತಂತೆ. ವಯಸ್ಸಾದ್ಮೇಲೆ ನಮ್ ತಲೆ ನಮ್ ಮಾತು ಕೇಳಾಕಿಲ್ಲ ಬುಡಿ" ಎಂದು ಸಮಾಧಾನ ಹೇಳಿದಳು.

ಜವರಪ್ಪನವರು ಅವಳ ಮುಂದೆ ನಿಂತರು. "ಬೋರವ್ವ, ನಿನ್ ಗಾಡಿ ಬಿಚ್ಚಿದ್ದು ನಾನು."

"ಏನಂದೆ?"

"ಮುಚ್ಚಳ ತೆಗ್ದಿತ್ತು. ಹೊರಡ್ತಾ ಇದ್ದೀಯ ಅಂತ ಬಿಚ್ದೆ. ಒಳಗೆ ನೋಡ್ಲಿಲ್ಲ, ಸುತ್ತ ನೋಡ್ಲಿಲ್ಲ. ಅಕ್ಕಾವ್ರ ಕಾರು ಬಿಚ್ಚಿದ್ದೂ ನಾನೇ. ಅವ್ರು ನನ್ ಮಾನ ಉಳ್ಸಾಕೆ ಸುಳ್ ಹೇಳವ್ರೆ."

ಅವರು ಮೆಲ್ಲಗೆ ಹೇಳಲಿಲ್ಲ. ಎದುರು ಸಾಲಿನ ಹಣ್ಣಿನಂಗಡಿಯಿಂದ ಶಿವನಂಜು ಎದ್ದು ಬಂದ. ಅಂಚೆ ಕಚೇರಿಯ ಕಿಟಕಿಯಲ್ಲಿ ಮುಖಗಳು ಕಂಡವು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

"ಅಂಗಾದ್ರೆ ನೀವು..." ಎಂದ ಶಿವನಂಜು ನನ್ನ ಕಡೆ ತಿರುಗಿ.

"ಕಟ್ಟಿದ್ದೆ ಶಿವನಂಜು. ಎರಡು ಸುತ್ತು."

ಬೋರಮ್ಮ ನಮ್ಮ ಮಾತು ಕೇಳುತ್ತಿರಲಿಲ್ಲ. ಅವಳು ಜವರಪ್ಪನವರ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡು ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಅವಳು ಕೇಳಿದ್ದು ಬೇರೆ.

"ಅಂಗಾದ್ರೆ ನಾನು ಕಟ್ಟಿದ್ನಾ?"

"ಕಟ್ಟಿದ್ದೆ ಕಣವ್ವ."

"ನೋಡಿದ್ಯಾ ನೀನು? ಗಂಟಿತ್ತಾ?"

"ಕಲ್ಲಿನಂಗಿತ್ತು. ಹಲ್ಲು ಹಾಕ್ದೆ."

ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡಳು. "ನಂಗೇ ನಂಬ್ಕೆ ಹೊಂಟೋಗಿತ್ತು ಕಣಪ್ಪ. ಮೊದಮೊದ್ಲು ಕಟ್ಟಿದ್ದೆ ಕಟ್ಟಿದ್ದೆ ಅಂತಿದ್ದೆ. ಎಲ್ರೂ ಇಲ್ಲ ಇಲ್ಲ ಅಂದ್ರಲ್ಲ, ಇಲ್ವೇನೋ ಅಂದ್ಕಂಡೆ. ಮಗ್ಳು ಕೂಸ್ನ ನನ್ ಕೈಗೆ ಕೊಡ್ತಿರ್ನಿಲ್ಲ. ನಾನೂ ಕೇಳ್ತಿರ್ನಿಲ್ಲ. ಮರೆವಿನ ಮುಂಡೆ, ಎಲ್ಲಾರ ಮರ್ತು ಬುಟ್ಬಂದೇನು ಅಂತ. ಈಗ ಅದ್ಕೆ ಐದು ತುಂಬ್ತು. ಒಂದ್ ದಿನ ಎತ್ಕಂಡಿಲ್ಲ."

ಜವರಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತರು. ಬೋರಮ್ಮ ಎದ್ದಳು. ಪೆಟ್ಟಿಗೆ ಅಲ್ಲೇ ಬಿಟ್ಟಳು, ಮುಚ್ಚಳ ಹಾಕುವುದನ್ನೂ ನೋಡಲಿಲ್ಲ. ಮಗಳ ಮನೆಯಿರುವ ಓಣಿಯ ಕಡೆಗೆ ನಡೆದಳು, ಆಮೇಲೆ ಓಡಿದಳು. ತಿರುವಿನಾಚೆಯಿಂದ ಅವಳ ಕೂಗು ಕೇಳಿತು, ಐಸು ಮಾರುವ ಅದೇ ದೊಡ್ಡ ಗಂಟಲಿನಲ್ಲಿ: "ಕಟ್ಟಿದ್ನಂತೆ ಕಣವ್ವೋ! ನಾನು ಕಟ್ಟಿದ್ನಂತೆ!"

ಶಿವನಂಜು ತನ್ನ ಅಂಗೈಗಳನ್ನು ಲುಂಗಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಬೆಳಿಗ್ಗೆಯಿಂದ ನಾಲ್ಕು ಬಿಚ್ಚಿದ್ದೀನಿ ನಾನು" ಎಂದ. "ಒಂದ್ರಲ್ಲೂ ಒಳಗೆ ಯಾರವ್ರೆ ಅಂತ ನೋಡ್ನಿಲ್ಲ."